ಹಳೆಯ ಚಿತ್ರಕಥೆ ಪುಸ್ತಕಗಳ ಸಂಗ್ರಹ ಮತ್ತು ವ್ಯಾಪಾರ

ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಅವು ಉಳಿದಿರುವ ಸ್ಥಿತಿ ನೋಡಿ ದರ್ಜೆ ಕಟ್ಟಿ, ಆ ದರ್ಜೆಯ ಮೇಲೆ ಬೆಲೆ ಕುದುರಿಸಿ ಮಾರುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಕರ್ನಾಟಕದಲ್ಲಿ ಅಷ್ಟು ದೊಡ್ಡ ಪೇಟೆ ಇಲ್ಲ. ಆದರೆ 1960ರಿಂದ 1980ರ ದಶಕದವರೆಗಿನ ಕನ್ನಡ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆ, ಚಂದಮಾಮ ಸಂಚಿಕೆಗಳನ್ನು ಹುಡುಕುವವರು, ಬದಲಾಯಿಸಿಕೊಳ್ಳುವವರು, ಮಾರುವವರು ಬೆಂಗಳೂರು, ಮೈಸೂರುಗಳಲ್ಲಷ್ಟೇ ಅಲ್ಲದೆ ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ‘ಮಿಂಟ್’, ‘ಫೈನ್’, ‘ರೀಡಿಂಗ್ ಕಾಪಿ’ ಎಂಬ ಮಾತುಗಳು ಅವರ ನಡುವೆ ಸಲೀಸಾಗಿ ಓಡಾಡುತ್ತವೆ. ಯಾವ ಕಥೆ ಕನ್ನಡದಲ್ಲಿ ಯಾವಾಗ, ಯಾವ ಸಂಖ್ಯೆಯಲ್ಲಿ ಬಂತು ಎಂದು ಎಲ್ಲರೂ ಒಪ್ಪಿ ನೋಡಬಹುದಾದ ಅಚ್ಚಿನ ಪಟ್ಟಿ ಮಾತ್ರ ಅವರ ಕೈಯಲ್ಲಿಲ್ಲ. ಈ ವ್ಯಾಪಾರದ ಹೆಚ್ಚಿನ ತೊಡಕುಗಳಿಗೆ ಮೂಲ ಇಲ್ಲಿದೆ.

ದರ್ಜೆಯ ಪದ್ಧತಿ

ಅಮೆರಿಕದಲ್ಲಿ ಮೊದಲು ಬಂದದ್ದು ಪಟ್ಟಿ. ರಾಬರ್ಟ್ ಓವರ್‌ಸ್ಟ್ರೀಟ್ 1970ರಲ್ಲಿ ಹಳೆಯ ಕಾಮಿಕ್ಸ್‌ಗಳ ಬೆಲೆ ಕೈಪಿಡಿಯನ್ನು ಹೊರತಂದರು. ಯಾವ ಸರಣಿಯಲ್ಲಿ ಎಷ್ಟು ಸಂಚಿಕೆ, ಯಾವುದರಲ್ಲಿ ಯಾವ ಪಾತ್ರ ಮೊದಲು ಕಾಣಿಸಿಕೊಂಡಿತು, ಯಾವ ಸ್ಥಿತಿಯ ಪ್ರತಿಗೆ ಏನು ಬೆಲೆ ಎಂಬುದೆಲ್ಲ ಅದರಲ್ಲಿ ಸಾಲಾಗಿ ಅಚ್ಚಾಯಿತು. ಹಣ ಪಡೆದು ದರ್ಜೆ ನಿರ್ಧರಿಸಿಕೊಡುವ ಸಂಸ್ಥೆ ಸಿಜಿಸಿ ಹುಟ್ಟಿದ್ದು ಅದಾಗಿ 30 ವರ್ಷಗಳ ಮೇಲೆ, 2000ದಲ್ಲಿ. ಮಾರುವವನಿಗೂ ಕೊಳ್ಳುವವನಿಗೂ ಸಂಬಂಧವಿಲ್ಲದ ಮೂರನೆಯವರು ಪುಸ್ತಕವನ್ನು ಪುಟಪುಟವಾಗಿ ಪರೀಕ್ಷಿಸಿ, 0.5ರಿಂದ 10ರವರೆಗಿನ ಅಂಕಗಳಲ್ಲಿ ಒಂದನ್ನು ಕೊಟ್ಟು, ಪಾರದರ್ಶಕವಾದ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುತ್ತಾರೆ. ಸಂಗ್ರಾಹಕರು ಆ ಕವಚವನ್ನು ಸ್ಲ್ಯಾಬ್ ಎನ್ನುತ್ತಾರೆ. ಚೀಟಿಯ ಬಣ್ಣಕ್ಕೂ ಅರ್ಥವಿದೆ. ಸಾಮಾನ್ಯ ಪ್ರತಿಗೆ ನೀಲಿ, ದುರಸ್ತಿ ಮಾಡಿದ್ದಕ್ಕೆ ನೇರಳೆ, ಸಾಕ್ಷಿಯ ಸಮ್ಮುಖದಲ್ಲಿ ಕಲಾವಿದರು ಸಹಿ ಹಾಕಿದ್ದಕ್ಕೆ ಹಳದಿ.

ಈ ಪದ್ಧತಿಯ ಮೇಲೆ ನಡೆಯುವ ವ್ಯಾಪಾರದ ಅಂದಾಜಿಗೆ ಒಂದು ಉದಾಹರಣೆ ಸಾಕು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ‘ಆಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯ ಮುಖಬೆಲೆ 10 ಸೆಂಟ್. 8.5 ಅಂಕ ಪಡೆದ ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು.

ಅಂಕಗಳ ಜೊತೆಗಿರುವ ಮಾತುಗಳ ಬಗ್ಗೆ ಕನ್ನಡದ ಕೊಳ್ಳುಗರು ಎಚ್ಚರವಾಗಿರಬೇಕು. ಈ ಅಳತೆಯಲ್ಲಿ ‘ನಿಯರ್ ಮಿಂಟ್’ ಅಂದರೆ 9.4, ‘ಫೈನ್’ 6.0, ‘ವೆರಿ ಗುಡ್’ 4.0, ‘ಗುಡ್’ ಬರೀ 2.0. ‘ಗುಡ್ ಕಂಡೀಷನ್’ ಎಂದು ಫೋನಿನಲ್ಲಿ ಹೇಳಿದವನ ಮನಸ್ಸಿನಲ್ಲಿ ಒಳ್ಳೆಯ ಪ್ರತಿಯೇ ಇರಬಹುದು. ಅಳತೆ ತಿಳಿದವನಿಗೆ ಅದು ಬೆನ್ನು ಸೀಳಿದ, ಮೂಲೆ ಸವೆದ ಪ್ರತಿಯಾಗಿ ಕೇಳಿಸುತ್ತದೆ. ಅಂಚೆಯಲ್ಲಿ ಪುಸ್ತಕ ತಲುಪಿದ ಮೇಲೆ ಹುಟ್ಟುವ ಎಷ್ಟೋ ಮನಸ್ತಾಪಗಳು ಇಲ್ಲಿಂದಲೇ ಶುರುವಾಗುತ್ತವೆ.

ಕನ್ನಡದಲ್ಲಿ ಸಂಗ್ರಹಯೋಗ್ಯವಾದವು

ಟೈಮ್ಸ್ ಆಫ್ ಇಂಡಿಯಾದ ಪ್ರಕಾಶಕರಾದ ಬೆನೆಟ್ ಕೋಲ್‌ಮನ್ ಸಂಸ್ಥೆ 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ಮುಖ್ಯ ನಾಯಕ. ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್ ನಂತರ ಬಂದರು. 1976ರಲ್ಲಿ ಆಬಿದ್ ಸುರತಿ ಸೃಷ್ಟಿಸಿದ ಬಹಾದೂರ್ ಎಂಬ ದೇಶಿ ನಾಯಕನೂ ಸೇರಿಕೊಂಡ. ಆರಂಭದ ಸಂಚಿಕೆಗಳಲ್ಲಿ ಪುಸ್ತಕ ಪೂರ್ತಿ ಚಿತ್ರಕಥೆ ಇರುತ್ತಿರಲಿಲ್ಲ, ಹಿಂದಿನ ಪುಟಗಳನ್ನು ಸಾಮಾನ್ಯ ಜ್ಞಾನಕ್ಕೆ ಬಿಟ್ಟಿದ್ದರು. ಬಿ. ಗೋವಿಂದ್ ಬರೆದ ಮುಖಪುಟಗಳಿಗಾಗಿಯೇ ಮೊದಲ ಸಂಚಿಕೆಗಳನ್ನು ಹುಡುಕುವವರಿದ್ದಾರೆ. ಇಂಗ್ಲಿಷ್, ಹಿಂದಿಗಳ ಜೊತೆಗೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಂದ ಈ ಸರಣಿ 1990ರಲ್ಲಿ ನಿಂತಿತು.

ಇಂಗ್ಲಿಷ್ ಇಂದ್ರಜಾಲದ ಒಟ್ಟು ಸಂಚಿಕೆಗಳು 803. ಮುಷ್ಕರದ ಕಾರಣ 123 ಮತ್ತು 124ನೇ ಸಂಖ್ಯೆಗಳು ಅಚ್ಚಾಗಲೇ ಇಲ್ಲ. 443ರ ಬಳಿಕ ಸರಳ ಸಂಖ್ಯೆ ಬಿಟ್ಟು ಸಂಪುಟ, ಸಂಚಿಕೆ ಎಂದು ಎಣಿಸತೊಡಗಿದರು. ಇದು ಗೊತ್ತಿಲ್ಲದವನು 123ನೇ ಸಂಚಿಕೆಗಾಗಿ ವರ್ಷಗಟ್ಟಲೆ ಹುಡುಕುತ್ತಾನೆ. ಗೊತ್ತಿದ್ದವನು ಅದನ್ನು ಮಾರಲು ಬಂದವನ ಮುಂದೆ ಎಚ್ಚರವಾಗುತ್ತಾನೆ. ಇಷ್ಟು ಖಚಿತವಾದ ವಿವರ ಇಂಗ್ಲಿಷ್ ಸರಣಿಗೆ ಇರುವುದು ಓದುಗರೇ ಕೂತು ಪಟ್ಟಿ ಮಾಡಿದ್ದರಿಂದ. ಕನ್ನಡದ ಸಂಖ್ಯೆಗಳು ಸದಾ ಇಂಗ್ಲಿಷಿನವಕ್ಕೆ ಹೊಂದುತ್ತವೆ ಎಂದು ನಂಬಿಕೊಂಡು ಹಣ ಕೊಡುವಂತಿಲ್ಲ. ಪುಸ್ತಕ ಕೈಗೆತ್ತಿಕೊಂಡು ಒಳಗಿನ ಮುದ್ರಣದ ಸಾಲನ್ನೇ ಓದಬೇಕು.

ಚಂದಮಾಮವನ್ನು ಕಾಮಿಕ್ಸ್ ಎನ್ನಲಾಗದು. ಅದು ಚಿತ್ರಗಳಿರುವ ಕಥಾ ಮಾಸಪತ್ರಿಕೆ. ಆದರೂ ಸಂಗ್ರಾಹಕರ ಕಪಾಟಿನಲ್ಲಿ ಅದರ ಜಾಗ ಇಂದ್ರಜಾಲದ ಪಕ್ಕದಲ್ಲೇ. ನಾಗಿರೆಡ್ಡಿ, ಚಕ್ರಪಾಣಿಯವರು 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳಿರುವ ಸಂಚಿಕೆಗಳಿಗೂ ಶಂಕರ್ ಅವರ ಬೇತಾಳ ಚಿತ್ರಗಳಿರುವ ಸಂಚಿಕೆಗಳಿಗೂ ಬೇಡಿಕೆ ಹೆಚ್ಚು. ಬಾಲಮಿತ್ರ ಎಂಬ ಮಕ್ಕಳ ಪತ್ರಿಕೆಯನ್ನೂ ಕೆಲವರು ಕೂಡಿಡುತ್ತಾರೆ.

1965ರಲ್ಲಿ ಆರಂಭವಾದ ಸುಧಾ ವಾರಪತ್ರಿಕೆಯ ಚಿತ್ರಕಥೆಯ ಪುಟಗಳದು ಬೇರೆಯೇ ವರ್ಗ. ಧಾರಾವಾಹಿ ಕಾದಂಬರಿಗಳಂತೆ ಫ್ಯಾಂಟಮ್ ಪುಟಗಳನ್ನೂ ವಾರವಾರ ಕತ್ತರಿಸಿ, ದಬ್ಬಣದಿಂದ ತೂತು ಮಾಡಿ, ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ ಕಟ್ಟುಗಳು ಮನೆಮನೆಗಳಲ್ಲಿದ್ದವು. ಅಮೆರಿಕದ ಅಳತೆಯಲ್ಲಿ ಕತ್ತರಿಸಿದ ಪುಟಕ್ಕೆ ಅಂಕವಿಲ್ಲ. ಕನ್ನಡದಲ್ಲಿ ಇಂಥ ಕಟ್ಟೊಂದು ಸಿಕ್ಕರೆ ಪೂರ್ತಿ ಕಥೆ ಒಟ್ಟಾಗಿ ಸಿಕ್ಕಂತೆ. ಅದನ್ನು ಕಸವೆಂದು ತಳ್ಳುವ ಸಂಗ್ರಾಹಕನ ಅಳತೆಗೋಲು ನಮ್ಮ ಓದಿನ ಚರಿತ್ರೆಗೆ ಹೊಂದುವುದಿಲ್ಲ.

ಅಮರ ಚಿತ್ರಕಥೆಯ ಮೊದಲ ಹತ್ತು

ಕನ್ನಡ ಸಂಗ್ರಾಹಕನಿಗೆ ಹೆಚ್ಚು ಮುಖ್ಯವಾದ ಪುಸ್ತಕಗಳೆಂದರೆ ಅಮರ ಚಿತ್ರಕಥೆಯ 1ರಿಂದ 10ರವರೆಗಿನ ಸಂಖ್ಯೆಗಳು. ಇಂಗ್ಲಿಷ್ ಅಮರ ಚಿತ್ರಕಥೆ ಶುರುವಾಗುವುದು 11ರಿಂದ. ಅನಂತ ಪೈ ಕಥೆ ಬರೆದು ರಾಮ್ ವಾಯೀರ್‌ಕರ್ ಚಿತ್ರ ಬರೆದ ‘ಕೃಷ್ಣ’ ಅದು. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಈ ಸರಣಿಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿರುವ ಪ್ರಕಾರ, ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಶಾಲಾ ಶಿಕ್ಷಕರ ಜೊತೆಗಿನ ಮಾತುಕತೆಯಲ್ಲಿ ಅವರಿಗೆ ಈ ಆಲೋಚನೆ ಬಂದಿತ್ತು. ಆ ಹತ್ತು ಪುಸ್ತಕಗಳಲ್ಲಿ ರಾಮನೂ ಇಲ್ಲ, ಶಕುಂತಲೆಯೂ ಇಲ್ಲ. ಸಿಂಡರೆಲ್ಲಾ, ಪಿನೋಕಿಯೋ, ಅಲ್ಲಾದೀನ್, ಹಿಮಶ್ವೇತೆ ಮತ್ತು ಏಳು ಕುಳ್ಳರು, ಮೂರು ಹಂದಿಮರಿಗಳು, ಹೀಗೆ ಅಮೆರಿಕದ ಮಕ್ಕಳ ಕಾಮಿಕ್ಸ್‌ಗಳಿಂದ ತಂದ ಕಥೆಗಳೇ ಎಲ್ಲ. ಅವು ಚೆನ್ನಾಗಿ ಮಾರಾಟವಾದದ್ದನ್ನು ನೋಡಿ ಮುಂಬೈ ಕಚೇರಿಯ ಮುಖ್ಯಸ್ಥ ಮೀರ್‌ಚಂದಾನಿ ಇಂಗ್ಲಿಷಿನಲ್ಲೂ ತರಲು ಮುಂದಾದರು. ಕನ್ನಡದಲ್ಲಿ ಹತ್ತು ಆಗಿದ್ದರಿಂದ ಇಂಗ್ಲಿಷಿನದು ಹನ್ನೊಂದರಿಂದ ಎಣಿಕೆಯಾಯಿತು.

ಹೆಚ್ಚು ಪ್ರಚಾರದಲ್ಲಿರುವ ಚರಿತ್ರೆ ಬೇರೆ. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿವಿಯಲ್ಲಿ ರಸಪ್ರಶ್ನೆ ನೋಡುತ್ತ ನಿಂತಿದ್ದ ಅನಂತ ಪೈ, ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲದ್ದನ್ನು ಕಂಡು ಸರಣಿಗೆ ಕೈ ಹಾಕಿದರು ಎಂಬುದು ಅದು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಪೈ ಅದಕ್ಕೂ ಮೊದಲು ಟೈಮ್ಸ್ ಸಂಸ್ಥೆಯಲ್ಲಿದ್ದು ಇಂದ್ರಜಾಲದ ಕೆಲಸ ನೋಡಿದ್ದವರು. ಪುರಾಣ, ಇತಿಹಾಸಗಳ ಸರಣಿಯನ್ನು ಕಟ್ಟಿ ಬೆಳೆಸಿದ ಶ್ರೇಯ ಅವರದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಣಿಯ ಹೆಸರು, ಸಂಖ್ಯೆಗಳ ಬೇರು ಬೆಂಗಳೂರಿನ ಕನ್ನಡ ಪುಸ್ತಕಗಳಲ್ಲಿದೆ ಎಂಬುದಕ್ಕೆ ಆ 11 ಎಂಬ ಸಂಖ್ಯೆಯೇ ದೊಡ್ಡ ಸಾಕ್ಷಿ. ಆ ಸಾಕ್ಷಿಯ ಇನ್ನರ್ಧ, ಅಂದರೆ 1ರಿಂದ 10ರ ಕನ್ನಡ ಪ್ರತಿಗಳು, ಹರಿದಿದ್ದರೂ ಮುಖಪುಟ ಹೋಗಿದ್ದರೂ ಉಳಿಸಿಕೊಳ್ಳಬೇಕಾದಂಥವು. ಅಂಥ ಪ್ರತಿಗೆ ಅಂಕ 1 ಬಂದರೇನು, 0.5 ಬಂದರೇನು?

ಮರುಮುದ್ರಣಗಳು ಇಲ್ಲಿ ಗೊಂದಲ ಮಾಡುತ್ತವೆ. ಅಮರ ಚಿತ್ರಕಥೆಯ ಜನಪ್ರಿಯ ಶೀರ್ಷಿಕೆಗಳು ಮತ್ತೆ ಮತ್ತೆ ಅಚ್ಚಾದವು. ಮುಂದೆ ದಪ್ಪ ಕಾಗದದ ಆವೃತ್ತಿ ತಂದಾಗ 501ರಿಂದ ಹೊಸ ಎಣಿಕೆ ಶುರು ಮಾಡಿದರು. ‘ಬಸವೇಶ್ವರ’, ‘ಟಿಪ್ಪು ಸುಲ್ತಾನ್’, ‘ಕೃಷ್ಣದೇವರಾಯ’ದಂಥ ನಮ್ಮ ಕಡೆಯ ಶೀರ್ಷಿಕೆಗಳನ್ನು ಕೊಳ್ಳುವಾಗ ಹಳೆಯ ಸಂಖ್ಯೆ ಇದೆಯೇ, ಮುಖಬೆಲೆ ಎಷ್ಟು, ಹಿಂದಿನ ರಕ್ಷಾಪುಟದ ಪಟ್ಟಿಯಲ್ಲಿ ಕೊನೆಯ ಶೀರ್ಷಿಕೆ ಯಾವುದು ಎಂಬ ಮೂರನ್ನು ನೋಡಿದರೆ ಮುದ್ರಣದ ಕಾಲ ಬಹುಮಟ್ಟಿಗೆ ತಿಳಿಯುತ್ತದೆ. ಮೂರನೆಯದು ಹೆಚ್ಚು ನಂಬಬಹುದಾದ ಗುರುತು. 300ನೇ ಶೀರ್ಷಿಕೆಯ ಹೆಸರು ಹಿಂಬದಿಯಲ್ಲಿ ಅಚ್ಚಾಗಿರುವ 30ನೇ ಪುಸ್ತಕ ಮೊದಲ ಮುದ್ರಣವಾಗಿರಲು ಸಾಧ್ಯವಿಲ್ಲ.

ಪ್ರತಿಯನ್ನು ನೋಡುವ ಬಗೆ

ಅನುಭವಿ ಸಂಗ್ರಾಹಕ ಮೊದಲು ಪುಸ್ತಕವನ್ನು ತೆರೆಯುವುದಿಲ್ಲ. ಅಂಗೈ ಮೇಲೆ ಮಲಗಿಸಿ ಬೆನ್ನು ನೋಡುತ್ತಾನೆ. ಎರಡು ಪಿನ್ನುಗಳ ಸುತ್ತ ಕಂದು ವೃತ್ತವಿದ್ದರೆ ತುಕ್ಕು ಕಾಗದಕ್ಕೆ ಇಳಿದಿದೆ ಎಂದರ್ಥ. ಅಂಥ ಪುಸ್ತಕವನ್ನು ಪೂರ್ತಿ ಬಿಡಿಸಿದರೆ ಪಿನ್ನು ಇದ್ದಲ್ಲೇ ಉಳಿದು ನಡುಹಾಳೆ ಕೈಗೆ ಬರುತ್ತದೆ. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ಮುಖಪುಟದ ಮೇಲಿನ ಗೆರೆಗಳನ್ನು ನೋಡುತ್ತಾನೆ. ಬಣ್ಣ ಒಡೆದು ಬಿಳಿ ಕಾಣುವ ಮಡಿಕೆಗೂ ಬಣ್ಣ ಒಡೆಯದ ಬಾಗಿಗೂ ಬಹಳ ವ್ಯತ್ಯಾಸವಿದೆ. ಕೊನೆಗೆ, ಪುಟ ಎಣಿಸುತ್ತಾನೆ. ನಡುಹಾಳೆ ಕಳಚಿ ಹೋದ ಪುಸ್ತಕ ಹೊರಗಿನಿಂದ ಪೂರ್ತಿಯಾಗೇ ಕಾಣುತ್ತದೆ. ದೂರದಿಂದ ಕೊಳ್ಳುವವರು ನಡುಹಾಳೆಯ ಫೋಟೋ ಕೇಳುವುದು ಇದಕ್ಕೇ.

ಒಳಪುಟಗಳ ಕಾಗದ ಹೆಚ್ಚಾಗಿ ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲಿರುವ ಲಿಗ್ನಿನ್ ಬೆಳಕು, ಗಾಳಿಗೆ ಹಳದಿಗಟ್ಟುತ್ತ, ಆಮ್ಲವಾಗಿ, ಅಂಚುಗಳು ಹಪ್ಪಳದಂತೆ ಮುರಿಯತೊಡಗುತ್ತವೆ. ಇದನ್ನು ತಡೆಯುವಂತಿಲ್ಲ, ನಿಧಾನಗೊಳಿಸಬಹುದು ಅಷ್ಟೆ. ಬಿಸಿಲು ಬೀಳದ, ಗಾಳಿಯಾಡುವ ಕಡೆ, ನೆಲದಿಂದ ಮೇಲೆ ಇಡಬೇಕು. ಪ್ರತಿ ಪುಸ್ತಕಕ್ಕೂ ಪಾಲಿಪ್ರೊಪಿಲೀನ್ ಚೀಲ, ಹಿಂದೆ ಆಮ್ಲವಿಲ್ಲದ ರಟ್ಟು ಕೊಡಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ತೆಗೆದು ನೋಡಬೇಕು. ಗೆದ್ದಲು, ಜಿರಳೆ, ಇಲಿಗಳದು ನಮ್ಮ ಹಳ್ಳಿಗಳಲ್ಲಿ ನಿಜವಾದ ಕಾಟ. ತಾಳೆಗರಿ ಕಟ್ಟುಗಳಿಗೆ ಹಿಂದಿನವರು ಬಳಸುತ್ತಿದ್ದ ಬಜೆ, ಬೇವಿನ ಎಲೆಗಳನ್ನು ಈಗಲೂ ಕೆಲವರು ಇಡುತ್ತಾರೆ. ಇಡುವುದಾದರೆ ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಪುಸ್ತಕಕ್ಕೆ ತಾಗದ ಹಾಗೆ ಇಡಬೇಕು.

ಪುಸ್ತಕ ಉಳಿಸಬೇಕೆಂಬ ಪ್ರೀತಿಯಲ್ಲೇ ಮಾಡಿದ ಕೆಲಸಗಳೂ ಬಹಳ ಪ್ರತಿಗಳನ್ನು ಕೆಡಿಸಿವೆ. ಹರಿದಲ್ಲಿ ಹಚ್ಚಿದ ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಎದುರು ಪುಟಕ್ಕೂ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದ ಮುಖಪುಟವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವಂತಿಲ್ಲ. ಹತ್ತು ಹದಿನೈದು ಸೇರಿಸಿ ಬೈಂಡ್ ಮಾಡಿಸುವಾಗ ಬೈಂಡಿನವರು ಮೂರು ಕಡೆ ಅಂಚು ಕೊಯ್ದು ನೇರ ಮಾಡುತ್ತಿದ್ದರು. ಚಿತ್ರದ ಅಂಚು, ಕೆಲವೊಮ್ಮೆ ಮಾತಿನ ಗುಳ್ಳೆಯ ತುದಿಯೂ ಅದರ ಜೊತೆಗೇ ಹೋಗುತ್ತಿತ್ತು. ಆದರೂ ಬೈಂಡಾದದ್ದರಿಂದಲೇ ರದ್ದಿಗೆ ಹೋಗದೆ ಉಳಿದ ಸಂಚಿಕೆಗಳು ಎಷ್ಟೋ. ಬೈಂಡ್ ಬಿಚ್ಚಿ ಬಿಡಿಯಾಗಿ ಮಾರುವುದು ತಪ್ಪೆಂದೇ ಹೇಳಬೇಕು. ಸಂಚಿಕೆಗಳ ಸಾಲು ಕೂಡಿ ಉಳಿದಿರುವ ಕೆಲವೇ ಕೆಲವು ಕಡೆಗಳಲ್ಲಿ ಅದೂ ಒಂದು.

ಬಾಡಿಗೆ ಲೈಬ್ರರಿಯ ಮೊಹರು, ಬಾಲಪೆನ್ನಿನಲ್ಲಿ ಬರೆದ ಹೆಸರು, ‘ಐದನೇ ತರಗತಿ’ ಎಂಬ ಒಕ್ಕಣೆ, ತುಂಬಿದ ಪದಬಂಧ ಇವೆಲ್ಲ ದರ್ಜೆಯನ್ನು ಇಳಿಸುತ್ತವೆ. ಆದರೆ ಒಂದು ಕನ್ನಡ ಕಾಮಿಕ್ಸ್ ಯಾವ ಊರಿನವರೆಗೆ ತಲುಪಿತ್ತು, ಯಾವ ವರ್ಷ ಓದಿಸಿಕೊಂಡಿತ್ತು ಎಂದು ತಿಳಿಯಲು ಅದೇ ದಾಖಲೆ. ಅಳಿಸುವ ರಬ್ಬರನ್ನು ದೂರವಿಡುವುದೇ ಲೇಸು.

ಕೊಳ್ಳೇಗಾಲ, ಹನೂರು ಸೀಮೆ

ದೊಡ್ಡ ಊರುಗಳಾಚೆ ಈ ಹುಡುಕಾಟ ಹೇಗೆ ನಡೆಯುತ್ತದೆ ಎಂಬುದಕ್ಕೆ ಹನೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಲೊಕ್ಕನಹಳ್ಳಿಯ ಕಡೆಯನ್ನು ನೋಡಬಹುದು. ಹನೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಕೊಳ್ಳೇಗಾಲಕ್ಕೆ ಸೇರಿತ್ತು. ಈ ಕಡೆ ಹಳೆ ಕಾಮಿಕ್ಸ್‌ಗೆಂದೇ ಅಂಗಡಿಯನ್ನು ಹುಡುಕುವುದು ವ್ಯರ್ಥ. ಪುಸ್ತಕ ಇರುವುದು ಮನೆಗಳ ಅಟ್ಟದಲ್ಲಿ, ನಿವೃತ್ತ ಮೇಷ್ಟರ ಟ್ರಂಕಿನಲ್ಲಿ, ಇಲ್ಲವೇ ಕೊಳ್ಳೇಗಾಲದ ಗುಜರಿ ಅಂಗಡಿಗೆ ಹೋಗುವ ಹಳೆ ಪೇಪರಿನ ಗಂಟಿನಲ್ಲಿ. ಮನೆ ರಿಪೇರಿಯೋ ಹಬ್ಬದ ಸುಣ್ಣಬಣ್ಣವೋ ಬಂದಾಗ ಅಟ್ಟ ಖಾಲಿಯಾಗುತ್ತದೆ. ಆ ಗಂಟು ತಕ್ಕಡಿಗೆ ಏರುವ ಮೊದಲು ನೋಡಿದವನಿಗೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ‘ತೂಕದ್ ಲೆಕ್ಕ ಬ್ಯಾಡ ಕನಣ್ಣ, ಬುಕ್ಕಿಗಿಷ್ಟು ಅಂತ ಹೇಳಿ’ ಎಂದು ಕೊಳ್ಳುವವನೇ ಮುಂದಾಗಿ ಕೇಳುವುದು ಇಲ್ಲಿನ ನ್ಯಾಯವಾದ ದಾರಿ. ಕಿಲೋ ಲೆಕ್ಕದಲ್ಲಿ ತಂದು ಸಾವಿರದ ಲೆಕ್ಕದಲ್ಲಿ ಮಾರಿದ ಸುದ್ದಿ ಊರಿಗೆ ತಲುಪಿದರೆ ಮುಂದಿನ ಸಲ ಅಟ್ಟ ತೆರೆಯುವವರು ಯಾರೂ ಇರುವುದಿಲ್ಲ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಲೊಕ್ಕನಹಳ್ಳಿಯಿಂದ ಒಡೆಯರಪಾಳ್ಯದ ಕಡೆ ಹೋಗುವ ದಾರಿ ಕಾಡು ದಾಟಿ ತಮಿಳುನಾಡಿನ ಹಾಸನೂರು, ದಿಂಬಂ ಕಡೆಗೆ ಇಳಿಯುತ್ತದೆ. ಕನ್ನಡ, ತಮಿಳು ಎರಡೂ ಆಡುವ ಮನೆಗಳು ಇಲ್ಲಿ ಸಾಮಾನ್ಯ. ಹಾಗಾಗಿ ಇಲ್ಲಿ ಹುಡುಕುವವರು ತಮಿಳು ಕಾಮಿಕ್ಸ್‌ಗಳನ್ನೂ ತಿಳಿದಿರಬೇಕು. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಲ್ಲಿ ‘ಇರುಂಬುಕ್ಕೈ ಮಾಯಾವಿ’ಯಿಂದ ಆರಂಭವಾಯಿತು. 1984ರಲ್ಲಿ ಅದೇ ಮನೆತನದಿಂದ ಲಯನ್ ಕಾಮಿಕ್ಸ್ ಬಂತು. ಎರಡೂ ಹೆಸರುಗಳು ಇಂದಿಗೂ ಅಚ್ಚಿನಲ್ಲಿವೆ. ತಮಿಳಿನಲ್ಲಿ ಹಳೆಯ ಸಂಚಿಕೆಗಳಿಗೆ ಗಟ್ಟಿಯಾದ ಬೇಡಿಕೆ ಇರುವುದಕ್ಕೆ ಈ ಮುಂದುವರಿಕೆಯೇ ಕಾರಣ. ಪ್ರಕಾಶಕರು ಇದ್ದಾರೆ, ಅವರೊಂದಿಗೆ ಮಾತಾಡುವ ಓದುಗರಿದ್ದಾರೆ, ಹೀಗಾಗಿ ಯಾವ ಸಂಚಿಕೆ ಯಾವಾಗ ಬಂತೆಂಬುದು ಮರೆತುಹೋಗಿಲ್ಲ. ಕನ್ನಡದಲ್ಲಿ ಇಂದ್ರಜಾಲ ನಿಂತ ದಿನ ಅದರ ನೆನಪನ್ನು ಇಟ್ಟುಕೊಳ್ಳುವ ಕಚೇರಿಯೂ ಇಲ್ಲವಾಯಿತು.

ಬೆಲೆ ಮತ್ತು ವ್ಯವಹಾರ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲು, 1945ರಲ್ಲಿ ಆರಂಭವಾದ ಸೆಲೆಕ್ಟ್ ಬುಕ್ ಶಾಪ್, ಚರ್ಚ್ ಸ್ಟ್ರೀಟಿನ ಬ್ಲಾಸಮ್, ಇವು ಬಹಳ ಕಾಲದಿಂದ ಸಂಗ್ರಾಹಕರು ಎಡತಾಕುವ ಜಾಗಗಳು. ಈಗ ಹೆಚ್ಚಿನ ಕೊಡುಕೊಳ್ಳುವಿಕೆ ಫೋನಿನಲ್ಲೇ ಮುಗಿಯುತ್ತದೆ. ಫೋಟೋ ಕಳಿಸಿ, ಬೆಲೆ ಹೇಳಿ, ಹಣ ಹಾಕಿಸಿಕೊಂಡು, ಎರಡು ರಟ್ಟುಗಳ ನಡುವೆ ಇಟ್ಟು ಅಂಚೆಯಲ್ಲೋ ಕೊರಿಯರಿನಲ್ಲೋ ಕಳಿಸುತ್ತಾರೆ. ಹಣಕ್ಕಿಂತ ಹೆಚ್ಚಾಗಿ ಬದಲಾವಣೆಯೇ ಹಳಬರಿಗೆ ಇಷ್ಟ: ತನ್ನಲ್ಲಿ ಎರಡಿರುವುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವುದು.

ಕನ್ನಡ ಪುಸ್ತಕವನ್ನು ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸುವುದು ಲೆಕ್ಕಕ್ಕೆ ಕೂಡುವುದಿಲ್ಲ. ಹೋಗಿಬರುವ ಸಾಗಣೆ, ವಿಮೆ, ದರ್ಜೆಯ ಶುಲ್ಕ ಸೇರಿದರೆ ಸಾಮಾನ್ಯ ಸಂಚಿಕೆಯ ಬೆಲೆಯನ್ನು ಮೀರುತ್ತದೆ. ಮುಚ್ಚಿದ ಕವಚದ ಪುಸ್ತಕವನ್ನು ಮತ್ತೆ ಓದುವಂತೆಯೂ ಇಲ್ಲ, ಸ್ಕ್ಯಾನ್ ಮಾಡುವಂತೆಯೂ ಇಲ್ಲ. ಮತ್ತೆಲ್ಲೂ ಪ್ರತಿ ಇಲ್ಲದ ಕನ್ನಡ ಸಂಚಿಕೆಯ ವಿಷಯದಲ್ಲಿ ಅದು ನಷ್ಟವೇ. ಇಂಗ್ಲಿಷ್ ಪ್ರತಿಯಷ್ಟು ಸುಲಭವಾಗಿ ಸಿಗದ ಕನ್ನಡ ಪ್ರತಿ ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ ಹೋಗುತ್ತದೆ. ಕೊಳ್ಳುವವರು ಕಡಿಮೆ ಎಂಬುದು ಒಂದು ಕಾರಣ. ತನ್ನ ಕೈಯಲ್ಲಿರುವುದು ವಿರಳವೋ ಅಲ್ಲವೋ ಎಂದು ಮಾರುವವನಿಗೆ ತೋರಿಸುವ ಪಟ್ಟಿ ಇಲ್ಲದಿರುವುದು ಇನ್ನೊಂದು.

ಪಟ್ಟಿಯ ಕೆಲಸ

ಕನ್ನಡ ಕಾಮಿಕ್ಸ್‌ಗಳ ಅಂಥ ಪಟ್ಟಿ ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಹರಡಿದ ಗ್ರಂಥಾಲಯಗಳಲ್ಲಿ, ಹಳೆಯ ಶಾಲೆಗಳ ಬೀರುಗಳಲ್ಲಿ ಮಕ್ಕಳ ಪುಸ್ತಕಗಳು ಇನ್ನೂ ಉಳಿದಿರಬಹುದು. ಅವನ್ನು ವಿಲೇವಾರಿ ಮಾಡುವ ಮುನ್ನ ಒಬ್ಬರು ಕುಳಿತು ಬರೆದುಕೊಳ್ಳಬೇಕು. ಸಂಗ್ರಾಹಕರು ತಮ್ಮ ತಮ್ಮ ಪ್ರತಿಗಳ ವಿವರ ಕೂಡಿಸಬೇಕು. ಒಂದೊಂದು ಪುಸ್ತಕಕ್ಕೂ ಕನ್ನಡ ಶೀರ್ಷಿಕೆ, ಕನ್ನಡ ಸಂಖ್ಯೆ, ಅದಕ್ಕೆ ಸರಿಯಾದ ಇಂಗ್ಲಿಷ್ ಸಂಖ್ಯೆ, ತಿಂಗಳು ಮತ್ತು ವರ್ಷ, ಮುಖಬೆಲೆ, ಪುಟಸಂಖ್ಯೆ, ಮುದ್ರಣಾಲಯ ಮತ್ತು ಅನುವಾದಕರ ಹೆಸರು ಬೇಕು. ಹೆಚ್ಚಿನ ಕನ್ನಡ ಕಾಮಿಕ್ಸ್‌ಗಳಲ್ಲಿ ಅನುವಾದಕರ ಹೆಸರು ಎದ್ದು ಕಾಣುವ ಕಡೆ ಇಲ್ಲ. ಫ್ಯಾಂಟಮ್‌ನ ಬಾಯಲ್ಲಿ ಅಷ್ಟು ಸಲೀಸಾದ ಕನ್ನಡ ಆಡಿಸಿದವರು ಯಾರೆಂದು ತಿಳಿಯಬೇಕಾದರೆ ಸಂಚಿಕೆಯ ಒಳಮುಖಪುಟ, ಕೊನೆಯ ಪುಟದ ಸಣ್ಣಕ್ಷರ ಎರಡನ್ನೂ ಫೋಟೋ ತೆಗೆದು ಪಟ್ಟಿಯ ಜೊತೆಗೆ ಸೇರಿಸಬೇಕು.